ಎರಡನೆಯ ಕೇಬಲ್

ಮೊನ್ನೆ ಎಸ್ಟೇಟ್ ಕಚೇರಿಯ ಹಳೇ ಬೀರು ಖಾಲಿ ಮಾಡುವಾಗ ತಳದಲ್ಲಿ ಬೂದು ಬಣ್ಣದ ಕೇಬಲ್ ಒಂದು ಸಿಕ್ಕಿತು. ತುದಿಯಲ್ಲಿ ಒಂಬತ್ತು ಪಿನ್ನಿನ ತಲೆ, ಅದರ ಮೇಲೆ ಕಂದು ಕಲೆ. ನೋಡಿದವರು ತುಕ್ಕು ಎಂದಾರು. ಅದು ನಮ್ಮ ವೈರ್‌ಮನ್ನರ ರಕ್ತ...

ತೊಂಬತ್ತರ ದಶಕದ ಕೊನೆ. ಬಾಳೂರಿನ ಇದೇ ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ಹೊಸ ರೈಟರ್. ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಒಣಗಿಸುವ ಡ್ರಮ್ಮಿನ ಮೋಟಾರನ್ನು ನಡೆಸಲು ಧಣಿಗಳು ಡ್ರೈವರ್ ಪೆಟ್ಟಿಗೆ ತರಿಸಿದ್ದರು. ಅದಕ್ಕೆ ಎರಡು ಸೀರಿಯಲ್ ಸಾಕೆಟ್, ಕಂಪ್ಯೂಟರಿನ ಆಜ್ಞೆ ಬರುವ ಕಿಂಡಿಗಳು. ಒಂದಕ್ಕೆ ಕಚೇರಿಯ ಕಂಪ್ಯೂಟರಿನಿಂದ ಕೇಬಲ್, ಹಿಂಬದಿಯ ಇನ್ನೊಂದು ಖಾಲಿ. ನಾನು ಕೂತಲ್ಲೇ 'ಸ್ಟಾರ್ಟ್' ಎಂದು ಟೈಪ್ ಮಾಡಿದರೆ ಗೋಡೆಯಾಚೆ ಡ್ರಮ್ ತಿರುಗುತ್ತಿತ್ತು.

ಅದನ್ನೆಲ್ಲ ಜೋಡಿಸಿದವರು ವೈರ್‌ಮನ್. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ಸುತ್ತಲಿನ ರೇಡಿಯೋ, ಟೀವಿಗಳೆಲ್ಲ ಬದುಕಿದ್ದು ಅವರ ಕೈಯಿಂದಲೇ. ಅಂಗಿಯಲ್ಲಿ ಸದಾ ಸೋಲ್ಡರಿಂಗ್ ಹೊಗೆಯ ವಾಸನೆ.

ಡ್ರಮ್ಮಿನ ಚೈನು ಆಗಾಗ ಕಳಚಿ ಮೋಟಾರು ತಾನೇ ನಿಲ್ಲುತ್ತಿತ್ತು. ಮೇನ್ ಆಫ್ ಮಾಡಿದರೆ ಬಿಸಿಗಾಳಿಯ ಫ್ಯಾನೂ ನಿಂತು ಕಾಫಿ ಮುಗ್ಗುತ್ತದೆ ಎಂದು ಅವರು ಬೇರೆ ದಾರಿ ಹುಡುಕಿದ್ದರು. ಪೆಟ್ಟಿಗೆಯಿಂದ ಕೇಬಲ್ ಕಿತ್ತು, ಟವೆಲಿನಂತೆ ಕೊರಳಿಗೆ ಹಾಕಿಕೊಂಡೇ ಚೈನಿಗೆ ಕೈ ಹಾಕುವುದು.

"ಮೊದ್ಲು 'ರೆಡಿನಾ' ಅಂತ ಪೆಟ್ಟಿಗೇನ ಕೇಳು ಮಾರಾಯ್ತಿ. ಉತ್ರ ಬರ್ಲಿಲ್ಲ ಅಂದ್ರೆ ನನ್ ಕೈ ಚೈನಲ್ಲಿದೆ ಅಂತ ತಿಳ್ಕ," ಎನ್ನುತ್ತಿದ್ದರು.

ಅವರು ಕಳಸಕ್ಕೆ ಹೋಗಿದ್ದ ದಿನ ಮೊದಲ ಸಾಕೆಟ್ ಕೈಕೊಟ್ಟಿತು. ನನಗೋ ಬುದ್ಧಿವಂತಿಕೆ ನೆತ್ತಿಗೇರಿತ್ತು. ಬೀರುವಿನಲ್ಲಿದ್ದ ಇನ್ನೊಂದು ಕೇಬಲ್ ತಂದು ಕಂಪ್ಯೂಟರಿನಿಂದ ಎರಡನೆಯ ಸಾಕೆಟ್ಟಿಗೆ ಸಿಕ್ಕಿಸಿದೆ. ಡ್ರಮ್ ತಿರುಗಿತು! ಹಳೆಯ ಕೇಬಲ್ಲನ್ನು ಇದ್ದಲ್ಲೇ ಬಿಟ್ಟೆ. ನಾಳೆ ಅವರಿಗೆ ಹೇಳಿದರಾಯಿತು ಎಂದುಕೊಂಡವಳು ಮರೆತೇಬಿಟ್ಟೆ.

ಮರುದಿನ ಡ್ರಮ್ಮಿನ ಸದ್ದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಪೆಟ್ಟಿಗೆಯನ್ನು ಕೇಳಿದೆ. 'ರೆಡಿ' ಎಂದಿತು. ಸ್ಟಾರ್ಟ್ ಕೊಟ್ಟೆ.

ಆ ಕೂಗು...

ಓಡಿಹೋಗಿ ಮೇನ್ ಎಳೆದೆ. ಹಳೆಯ ಕೇಬಲ್ ಅವರ ಕೊರಳಲ್ಲೇ ಇತ್ತು. ಬಲಗೈಯ ಎರಡು ಬೆರಳು ಇರಲಿಲ್ಲ. ಅವರು ಎರಡನೆಯ ಸಾಕೆಟ್ ನೋಡಿದರು, ನನ್ನನ್ನು ನೋಡಿದರು. ರಕ್ತವಾಗಿದ್ದ ಎಡಗೈಯಲ್ಲಿ ಆ ಹೊಸ ಕೇಬಲ್ ಕಿತ್ತು ನನ್ನ ಕೈಗಿಟ್ಟು, "ಬೀರು ಒಳ್ಗಿಡು, ಬೇಗ," ಅಂದರು. ಕೊರಳಿನದನ್ನೂ ತೆಗೆದು, ಏಟು ಬಿದ್ದ ಮೇಲೆ ಕಿತ್ತೆಸೆದಂತೆ, ನೆಲಕ್ಕೆ ಹಾಕಿದರು.

ಧಣಿಗಳು ಬಂದಾಗ ಅವರು ಹೇಳಿದ್ದು ಒಂದೇ ಮಾತು: "ಕೇಬಲ್ ಕೀಳದು ನಂಗೇ ಮರ್ತೋಯ್ತು ಧಣಿ."

ಕೆಲಸ ಹೋದೀತು ಎಂಬ ಹೆದರಿಕೆಗೆ ನಾನು ಬಾಯಿ ಬಿಡಲಿಲ್ಲ. ಅವರು ಮತ್ತೆ ಸೋಲ್ಡರಿಂಗ್ ಕಡ್ಡಿ ಹಿಡಿಯಲಿಲ್ಲ. ಇಷ್ಟು ವರ್ಷದ ಕೈ, ಒಂದು ಕೇಬಲ್ ಕೀಳುವುದು ಮರೆಯುವುದೇ ಎಂದು ಜನ ಆಡಿಕೊಂಡರು. ಅದೂ ನನ್ನ ಕಿವಿಗೆ ಬಿತ್ತು.

ಅವರು ತೀರಿಕೊಂಡು ಆರು ತಿಂಗಳಾಯಿತು. ಅವರ ಹೆಂಡತಿಗಾದರೂ ನಿಜ ಹೇಳಿಬಿಡೋಣ ಎಂದು ನಿನ್ನೆ ಕೇಬಲ್ಲನ್ನು ಕೈಚೀಲದಲ್ಲಿಟ್ಟುಕೊಂಡು ಜಾವಳಿಯ ಅವರ ಮನೆಗೆ ಹೋದೆ. ಆಕೆ ಕಾಫಿ ಕೊಟ್ಟು ಎದುರಿಗೆ ಕೂತರು.

"ನಿಮ್ಮನ್ನ ಭಾಳ ನೆನೀತಿದ್ರು. ಆವತ್ತು ನೀವು ಓಡ್ಬಂದು ಮೇನ್ ಎಳೀದೇ ಇದ್ದಿದ್ರೆ ಪೂರ್ತಿ ಕೈಯೇ ಹೋಗ್ತಿತ್ತು ಅಂತಿದ್ರು ಯಾವಾಗ್ಲೂ."

ನಾನು ಕಾಫಿ ಕುಡಿದೆ. ಚೀಲದ ಜಿಪ್ ತೆಗೆಯಲಿಲ್ಲ.