ಲಾಫ್ಟಿ ಎಂದರೆ ಅಟ್ಟ

ಮಗಳ ಪುಸ್ತಕದಲ್ಲಿ ಇಂದು ‘ಲಾಫ್ಟಿ’ ಎಂಬ ಇಂಗ್ಲಿಷ್ ಪದ ಕಂಡೆ. ಬಹಳ ಎತ್ತರದ್ದು ಎಂದು ಅದರ ಅರ್ಥ. ಅದು ‘ಲಾಫ್ಟ್’, ಅಂದರೆ ಅಟ್ಟ, ಎಂಬ ಪದದಿಂದ ಬಂದದ್ದು, ಅದಕ್ಕೂ ಹಿಂದೆ ಅದರ ಅರ್ಥ ಆಕಾಶ ಎಂದು ನಾನು ಚಿಕ್ಕವಳಿದ್ದಾಗ ಮುರಗೋಡದ ಶಾಲೆಯಲ್ಲಿ ಮಾಸ್ತರರು ಹೇಳಿದ್ದರು.

ಅಂದು ಸಂಜೆಯೇ ನಾನು ಮೆಣಸಿನಕಾಯಿ ಘಾಟಿನ ನಮ್ಮ ಅಟ್ಟ ಹತ್ತಿ, ಆಕಾಶ ನೋಡಲು ಹಂಚು ಸರಿಸಿದೆ.

“ಇಳಿಯವಾ, ಬೀಳ್ತಿ!” ಎನ್ನುತ್ತ ಅವ್ವ ಏಣಿ ಹತ್ತಿದಳು. ಏಣಿ ಜಾರಿ ಅವಳ ಕಾಲು ಮುರಿಯಿತು.

ಅಪ್ಪ ಓಡಿಬಂದಾಗ, “ಮೆಣಸಿನಕಾಯಿ ತಗೊಳ್ಳಾಕ ಹತ್ತಿದ್ನಿ,” ಎಂದಳು. ನಾನು ಸರಿಸಿದ್ದ ಹಂಚನ್ನು ಸದ್ದಿಲ್ಲದೆ ಮತ್ತೆ ಮುಚ್ಚಿದೆ. ಕುಂಟುವ ಅವ್ವನನ್ನು ಅಪ್ಪ ತಾನು ಸಾಯುವವರೆಗೂ “ಎಚ್ಚರ ಇಲ್ಲದಾಕಿ” ಎಂದೇ ಬೈದ.

ಇವತ್ತು ಫೋನ್ ಹಚ್ಚಿ ಅವ್ವನ ಕ್ಷಮೆ ಕೇಳಿದೆ.

“ಖರೆ ಹೇಳಿದ್ರ ನಿಮ್ಮಪ್ಪಾರು ನಿನ್ನ ಸಾಲಿ ಬಿಡಸ್ತಿದ್ರವಾ,” ಎಂದಳು.