ಕಿವಿಯಂತ್ರ ಹಾಕಿಕೊಂಡು ಕಿವುಡನಾಗಿದ್ದೆ

ಎಸ್ಸೆಸ್ಸೆಲ್ಸಿ ಮುಗಿಸಿ ನಾನು ರೇಡಿಯೋ ರಿಪೇರಿ ಕಲಿತೆ. ಗಜೇಂದ್ರಗಡದ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಗೂಡಂಗಡಿಯಲ್ಲಿ ಮೊದಲು ರೇಡಿಯೋ, ಆಮೇಲೆ ಟೇಪ್ ರೆಕಾರ್ಡರ್, ಟಿವಿ, ಕೊನೆಗೆ ಮೊಬೈಲ್ ಚಾರ್ಜರ್ ರಿಪೇರಿ ಮಾಡುತ್ತ ಜೀವನ ಕಳೆದೆ. ಹೀಗಾಗಿ ಯಂತ್ರಗಳ ಬಗ್ಗೆ ನನಗೆ ಅಭಿಪ್ರಾಯಗಳು ಬಹಳ. ಸ್ಕ್ರೂ ಹಾಕಿ ಮುಚ್ಚಿದ್ದನ್ನು ಬಿಚ್ಚಬಹುದು, ಅಂಟು ಹಾಕಿ ಮುಚ್ಚಿದ್ದನ್ನು ಒಡೆಯಲೇಬೇಕು. ಬ್ಯಾಟರಿ ತೆಗೆಯಲು ಬಾರದ ಮೊಬೈಲು ಮಾಡಿದವನು ಅದು ಕೆಡಲಿ ಎಂದೇ ಮಾಡಿದ್ದಾನೆ. ತಿರುಗಿಸುವ ಗುಂಡಿಯಿದ್ದರೆ ಕಣ್ಣು ಮುಚ್ಚಿಕೊಂಡೂ ದನಿ ಏರಿಸಬಹುದು, ಇಳಿಸಬಹುದು. ಗಾಜಿನ ಮೇಲೆ ಬೆರಳಾಡಿಸಬೇಕೆಂದರೆ ಕೆಲಸ ಬಿಟ್ಟು ಅದರ ಮುಖ ನೋಡುತ್ತ ಕೂರಬೇಕು. ಇದನ್ನೆಲ್ಲ ಯಾರೂ ಕೇಳದಿದ್ದರೂ ಊರ ತುಂಬ ಹೇಳಿಕೊಂಡು ಬಂದಿದ್ದೇನೆ.

ಇಲ್ಲಿ ಹೇಳಬೇಕಾದದ್ದು ಬೇರೆ. ನನ್ನ ಕಿವಿಯೊಳಗೆ ಕೂತ ಒಂದು ಸಣ್ಣ ಯಂತ್ರದಿಂದ ನನ್ನ ಹೆಂಡತಿಗೆ ನಾನು ಮೋಸ ಮಾಡಿದೆ. ಅವಳು ನಿಶ್ಚಿಂತೆಯಿಂದ ಮಾತಾಡುತ್ತಿದ್ದ ಒಂದು ಜಾಗವಿತ್ತು, ಅದನ್ನು ಕಸಿದುಕೊಂಡೆ. ಅದು ಅವಳಿಗೆ ತಿರುಗಿ ಸಿಕ್ಕಿದೆಯೋ ಇಲ್ಲವೋ ನನಗಿನ್ನೂ ತಿಳಿದಿಲ್ಲ.

ಹೆಂಡತಿ ನೇಕಾರರ ಮನೆಯವಳು. ಪಡಸಾಲೆಯಲ್ಲಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಈಗಲೂ ಸೀರೆ ನೇಯುತ್ತಾಳೆ. ನಾನು ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ಮೇಲೆ ನನ್ನ ಕಿವಿ ಮಂದವಾಗುತ್ತ ಬಂತು. ಮೊದಲು ಫೋನಿನ ಗಂಟೆ ಹೋಯಿತು, ಆಮೇಲೆ ಮೊಮ್ಮಕ್ಕಳ ಮಾತು, ಕೊನೆಗೆ ಪಕ್ಕದಲ್ಲೇ ಬಡಿಯುವ ಮಗ್ಗದ ಸಪ್ಪಳ. ಮಗ್ಗದ ಎದುರಿನ ಗೋಡೆಗೆ ಒರಗಿ ಕೂತು ಅವಳ ಕೈ ಆಡುವುದನ್ನು ನೋಡುತ್ತಿದ್ದೆ. ತುಟಿ ಆಡುತ್ತಿದ್ದುದೂ ಕಾಣುತ್ತಿತ್ತು. ಹಾಡು ಗುನುಗುತ್ತಿರಬೇಕು ಅಂದುಕೊಂಡಿದ್ದೆ.

ನರಗುಂದದಲ್ಲಿರುವ ಮಗಳು ಸುಮ್ಮನೆ ಬಿಡಲಿಲ್ಲ. ಹುಬ್ಬಳ್ಳಿಯ ಒಂದು ಕಿವಿಯಂತ್ರದ ಅಂಗಡಿಗೆ ಕರೆದುಕೊಂಡು ಹೋದಳು. ಅಲ್ಲಿನ ಹೆಣ್ಣುಮಗಳು ಎರಡು ನಮೂನೆ ತೋರಿಸಿದಳು. ಒಂದು ಕಿವಿಯ ಹಿಂದೆ ಕೊಕ್ಕೆಯಂತೆ ಕೂರುವಂಥದು, ಬೆರಳಿಗೆ ಸಿಗುವ ಗಾಲಿಯಿತ್ತು. ಇನ್ನೊಂದು ಕಡಲೆಕಾಳಿನಷ್ಟು, ಕಿವಿಯೊಳಗೆ ಇಳಿದು ಮರೆಯಾಗುವಂಥದು. ಅದರ ಬಣ್ಣಕ್ಕೆ ಚರ್ಮದ ಬಣ್ಣ ಎಂದು ಹೆಸರಿಟ್ಟಿದ್ದರು. ನಮ್ಮ ರೋಣ ಸೀಮೆಯ ಬಿಸಿಲಲ್ಲಿ ಆ ಬಣ್ಣದ ಚರ್ಮದವರನ್ನು ನಾನಂತೂ ಕಂಡಿಲ್ಲ.

"ಇದನ್ನ ಹಾಕ್ಕೊಂಡ್ರ ಯಾರಿಗೂ ಗೊತ್ತಾಗಂಗಿಲ್ರಿ ಅಜ್ಜಾರ," ಅಂದಳು ಅಂಗಡಿಯವಳು.

"ಅಪ್ಪಾ, ದೊಡ್ಡದ ತಗೋರಿ, ಕೈಗೆ ಸಿಗತೈತಿ. ಈ ಸಣ್ಣದನ್ನ ಎಲ್ಲ್ಯರ ಕಳಕೊಂಡ ಕುಂದ್ರತೀರಿ," ಅಂದಳು ಮಗಳು.

ನಾನು ಸಣ್ಣದನ್ನೇ ತೆಗೆದುಕೊಂಡೆ. ಕಣ್ಣಿಗೆ ಚಷ್ಮಾ ಹಾಕಲು ನಾಚದವನು ಕಿವಿಗೆ ಯಂತ್ರ ಹಾಕಲು ನಾಚಿದೆ. ಚಷ್ಮಾ ಹಾಕಿದವನನ್ನು ಓದುಬರಹ ಬಲ್ಲವನು ಅನ್ನುತ್ತಾರೆ, ಕಿವಿಯಂತ್ರ ಹಾಕಿದವನನ್ನು ಮುದುಕ ಅನ್ನುತ್ತಾರೆ. ಯಂತ್ರ ಮಾಡುವವರಿಗೂ ಇದು ಗೊತ್ತು, ಅದಕ್ಕೇ ಅಡಗಿಸುವುದನ್ನೇ ದೊಡ್ಡ ಗುಣ ಎಂದು ಮಾರುತ್ತಾರೆ.

ಮಗಳು ನರಗುಂದದಲ್ಲಿ ಇಳಿದಳು, ನಾನು ಊರಿನ ಬಸ್ಸಿನಲ್ಲಿ ಮುಂದುವರಿದೆ. ಯಂತ್ರಕ್ಕೆ ಬೇಕಾದ ದನಿ, ಬೇಡದ ದನಿ ಎಂಬ ಭೇದವಿರಲಿಲ್ಲ. ಹಿಂದಿನ ಸೀಟಿನ ಪ್ಲಾಸ್ಟಿಕ್ ಚೀಲ ಬೆಂಕಿ ಹತ್ತಿದಂತೆ ಚರಚರ ಅನ್ನುತ್ತಿತ್ತು. ಆದರೂ ಖುಷಿಯಾಗಿತ್ತು. ಹೆಂಡತಿಗೆ ತೋರಿಸೋಣ ಎಂದುಕೊಂಡೇ ಮನೆಯ ಹೊಸ್ತಿಲು ದಾಟಿದೆ.

ಅವಳು ಮಗ್ಗದಲ್ಲಿದ್ದಳು. ಲಾಳಿ ಓಡಿಸುತ್ತ, ತಲೆಯೆತ್ತದೆ ಅಂದಳು: "ಬಂದ ನೋಡು ಹುಬ್ಬಳ್ಳಿ ಸಾವಕಾರ. ಮುಂಜಾನಿಂದ ಏನ ತಿಂದಿ, ಬಿಟ್ಟಿ? ಮಾರಿ ನೋಡಿದ್ರ ಬರೇ ಚಾ ಕುಡದ ತಿರಗಿದಂಗ ಕಾಣ್ತತಿ."

ಕೊನೆಗೆ ನನ್ನ ಹೆಸರು ಹಿಡಿದು ಕರೆದಳು.

ನಮ್ಮ ಕಡೆ ಹೆಂಡಂದಿರು ಗಂಡನ ಹೆಸರು ಹೇಳುವುದಿಲ್ಲ. ಮದುವೆ ಸೋಬಾನದಲ್ಲಿ ಒಡಪು ಕಟ್ಟಿ, ಪದ್ಯದ ನಡುವೆ ಸೇರಿಸಿ ಹೇಳಿದರೆ ಅಷ್ಟೇ. ಮದುವೆಯಾದ ದಿನ ಬಿಟ್ಟರೆ ಅವಳ ಬಾಯಲ್ಲಿ ನನ್ನ ಹೆಸರು ಕೇಳಿರಲಿಲ್ಲ. 'ನೀವು' ಎಂಬುದನ್ನು ಬಿಟ್ಟು 'ನೀನು' ಎಂಬ ಮಾತನ್ನೂ ಕೇಳಿರಲಿಲ್ಲ. ನಾನು ನಿಂತಲ್ಲೇ ನಿಂತೆ. ಅವಳು ತಲೆಯೆತ್ತಿ, ಕಿವುಡರೊಡನೆ ಮಾತಾಡುವಂತೆ ಜೋರಾಗಿ, ಕೈಸನ್ನೆ ಮಾಡಿ ಕೇಳಿದಳು: "ಕೇಳಸ್ತತೇನ್ರೀ ಮಶೀನ್ ಹಾಕ್ಕೊಂಡ್ರ?"

ನಾನು ಇಲ್ಲವೆಂದು ತಲೆಯಾಡಿಸಿದೆ. "ಬರೇ ಸಿಳ್ಳಿ ಹೊಡೀತೈತಿ," ಅಂದೆ.

ಯಾಕೆ ಹಾಗೆ ಹೇಳಿದೆ ಎಂದು ನನ್ನನ್ನು ನಾನೇ ಬಹಳ ಸಲ ಕೇಳಿಕೊಂಡಿದ್ದೇನೆ. ಆ ಹೆಸರನ್ನು ಇನ್ನೊಂದು ಸಲ ಕೇಳಬೇಕೆನಿಸಿತ್ತು, ಅಷ್ಟೇ. ಮೊದಲ ದಿನದ ಕಾರಣ ಅದು. ಮುಂದಿನ ದಿನಗಳಿಗೆ ಅಂಥ ಒಳ್ಳೆಯ ಕಾರಣವೂ ಇಲ್ಲ.

ಯಂತ್ರದ ಖಾಲಿ ಡಬ್ಬಿಯನ್ನು ಮುಚ್ಚಿ ಗೋಡೆಯ ಗೂಡಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟೆ. ಯಂತ್ರ ಕಿವಿಯಲ್ಲಿರುತ್ತಿತ್ತು, ತಲೆಗೆ ಸುತ್ತಿದ ಟವಲ್ಲು ಕಿವಿಯ ಮೇಲೆ ಇಳಿದಿರುತ್ತಿತ್ತು. ಮಸೂರಬೇಳೆಯಷ್ಟು ಸಣ್ಣ ಬ್ಯಾಟರಿಗಳನ್ನು ಬಚ್ಚಲಮನೆಯಲ್ಲಿ ನಿಂತು ಬದಲಿಸುತ್ತಿದ್ದೆ. ಮುದುಕರಿಗೆಂದು ಮಾಡಿದ ಯಂತ್ರಕ್ಕೆ ಮುದುಕರ ಬೆರಳಿಗೆ ಸಿಗದ ಬ್ಯಾಟರಿ ಇಟ್ಟವನ ಬುದ್ಧಿಗೆ ಏನನ್ನಬೇಕೋ ತಿಳಿಯದು. ಟ್ರಾನ್ಸಿಸ್ಟರಿನ ಕೂದಲೆಳೆಯಂಥ ತಂತಿ ಬೆಸೆದ ನನ್ನ ಬೆರಳಿಗೇ ಅದು ಜಾರಿ ಮೋರಿಗೆ ಹೋಗುತ್ತಿತ್ತು.

ಮಧ್ಯಾಹ್ನ ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಲು ಪಕ್ಕದ ಮನೆಯ ಹೆಣ್ಣುಮಗಳು ರಾಟಿ ತಂದು ಕೂರುತ್ತಿದ್ದಳು. ಸವಡಿ ಊರಿನಿಂದ ಆ ಮನೆಗೆ ಬಂದ ಸೊಸೆ, ಬಾಯಿ ಬಲು ಜೋರು. ಇಬ್ಬರಿಗೂ ನಾನು ಒಂದು ಕಂಬವಿದ್ದಂತೆ.

"ಯಕ್ಕಾ, ಅಣ್ಣಾರು ದಿನಾ ಇಲ್ಲೇ ಕುಂದ್ರತಾರಲ್ಲ, ಮಗ್ಗಕ್ಕ ಕಾವಲೇನು?"

"ಕಾವಲಲ್ಲ, ಹೊರಗ ಹೋದ್ರ ಇವರ ಕಥಿ ಯಾರೂ ಕೇಳಂಗಿಲ್ಲ. ಸ್ಕ್ರೂ ಚಲೋ, ಅಂಟು ಕೆಟ್ಟದ್ದು, ಇಷ್ಟ ಮಾತು. ಇವರ ಬರೂದು ಕಂಡ್ರ ಚಾದಂಗಡ್ಯಾಗ ಮಂದಿ ಎದ್ದ ಹೋಗತಾರ."

ನಾನು ತಡೆಯಲಾರದೆ ನಕ್ಕುಬಿಟ್ಟೆ.

"ಯವ್ವಾ, ನಕ್ಕರಲ್ಲ!" ಅಂದಳು ಆಕೆ.

"ವಾಯು ಆಗಿರಬೇಕ ಬಿಡು. ಮಡಕಿ ಕಾಳಿನ ಪಲ್ಯ ಎರಡ ಸಲ ಹಾಕಿಸ್ಕೊಂಡಾರ."

ನಕ್ಕು ಮರೆಯುವ ಮಾತುಗಳೇ ಹೆಚ್ಚು. ಆದರೆ ಪಕ್ಕದವಳು ಎದ್ದು ಹೋದ ಮೇಲೆ ಹೆಂಡತಿ ನನ್ನೊಡನೆಯೇ ಮಾತಾಡುತ್ತಿದ್ದಳು. ಆಗ 'ನೀವು' ಇರುತ್ತಿರಲಿಲ್ಲ. ನನ್ನ ತಾಯಿ ಅವಳನ್ನು ನಡೆಸಿಕೊಂಡ ರೀತಿ, ನಾನು ಕೇಳಿಯೂ ಕೇಳದಂತೆ ಊಟ ಮಾಡಿ ಎದ್ದದ್ದು, ಎಲ್ಲ ಬಂತು. ಒಂದು ದಿನ ಅಂದಳು: "ನಿನಗಿಂತ ಮೊದಲ ನಾ ಸಾಯಬಾರದು ನೋಡು. ಹಾಲು ಉಕ್ಕಿದ್ರೂ ನಿನಗ ಗೊತ್ತಾಗಂಗಿಲ್ಲ, ಮನಿ ಸುಟ್ಟಗೊಂಡ ಕುಂದ್ರತಿ." ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ನಾಳೆ ಬೇಳೆ ತರಬೇಕು ಅನ್ನುವ ದನಿಯಲ್ಲಿ ಹೇಳಿದಳು.

ಇವೆಲ್ಲವನ್ನು ನನ್ನ ಮುಖಕ್ಕೆ ಹೇಳಲು ಅವಳಿಗೆ ಎಂದೂ ಆಗಿರಲಿಲ್ಲ. ನನ್ನ ಕಿವಿ ಹೋದ ಮೇಲೆ ಅವಳಿಗೆ ಬಾಯಿ ಬಂದಿತ್ತು. ಅದನ್ನು ತಿಳಿದೂ ಮಳೆಗಾಲದಿಂದ ಚಳಿಗಾಲದವರೆಗೆ ಮುಖ ಸಡಿಲ ಬಿಟ್ಟುಕೊಂಡು ಕೂತು ಕೇಳಿದೆ.

ಮಗಳು ಆಗಾಗ ಫೋನು ಮಾಡುತ್ತಿದ್ದಳು, ಹೆಂಡತಿ ಅದನ್ನು ಸ್ಪೀಕರಿಗೆ ಹಾಕಿ ಮಗ್ಗದ ಪಕ್ಕ ಇಟ್ಟುಕೊಂಡು ಮಾತಾಡುತ್ತಿದ್ದಳು. "ಅವ್ವಾ, ಅಪ್ಪ ಮಶೀನ್ ಹಾಕ್ಕೊಳ್ಳತಾರೇನು?"

"ಎಲ್ಲಿದು! ಸಿಳ್ಳಿ ಹೊಡೀತೈತಂತ. ಡಬ್ಬ್ಯಾಗ ಮಲಗೇತಿ."

"ಅಂಗಡ್ಯಾಗ ಚಲೋ ಕೇಳತಿತ್ತಲ್ಲ! ವಾಪಸ್ ತಗೊಂಡ ಹೋಗೂಣಂತ ಹೇಳು."

"ಪೀಡಸಬ್ಯಾಡ ಬಿಡವಾ ಅವರನ್ನ. ಆಗದ್ದಕ್ಕ ಅವರರ ಏನ ಮಾಡತಾರ?"

ನನ್ನ ಪರ ವಹಿಸಿ ಮಾತಾಡುತ್ತಿದ್ದಳು. ಆಗಲೇ ಯಂತ್ರ ತೆಗೆದು ಅವಳ ಮುಂದಿಡಬೇಕಿತ್ತು. ಇಡಲಿಲ್ಲ.

ಒಂದು ಮಧ್ಯಾಹ್ನ ಕಂಡಿಕೆ ತೆಗೆದುಕೊಳ್ಳಲು ಪಕ್ಕದಲ್ಲಿದ್ದ ಹಳೆಯ ರೇಡಿಯೋದ ಪೆಟ್ಟಿಗೆಗೆ ಕೈ ಹಾಕಿದಳು. ಅದು ಅವಳದೇ ರೇಡಿಯೋ. ಮದುವೆಯಾದ ಹೊಸದರಲ್ಲಿ ನಾನೇ ಕೂಡಿಸಿಕೊಟ್ಟಿದ್ದೆ, ಮಗ್ಗದಲ್ಲಿ ಕೂತು ಹಾಡು ಕೇಳುತ್ತಿದ್ದಳು. ಬಹಳ ವರ್ಷಗಳಿಂದ ಅದರ ಖಾಲಿ ಹೊಟ್ಟೆಯಲ್ಲಿ ಕಂಡಿಕೆ ಇಡುತ್ತಿದ್ದಳು. ಖಾಲಿ ಯಾಕಾಯಿತೆಂದು ನಾನು ಮರೆತಿದ್ದೆ.

"ಲಕ್ಕಲಕಟ್ಟಿ ಗೌಡನ ರೇಡಿಯೋಕ್ಕ ಹಾಕಾಕಂತ ಇದರ ಸ್ಪೀಕರ ಕಿತಗೊಂಡ ಹೋದಿ," ಅಂದಳು. "ನಾಳಿ ಬ್ಯಾರೇದು ಹಾಕತೀನಿ ಅಂದಿ. ಆ ನಾಳಿ ಇನ್ನೂ ಹಾದ್ಯಾಗ ಐತಿ. ಊರ ಮಂದಿ ರೇಡಿಯೋ ಎಲ್ಲಾ ಹಾಡಿಸಿದಿ, ನನ್ನದರ ಗಂಟಲಾ ಕಿತ್ತಿ. ನಾ ಒಂದ ದಿನಾರ ಕೇಳಿದ್ನೇನು?"

ಕೇಳಿರಲಿಲ್ಲ. ಅವಳು ಕೇಳದ್ದರಿಂದಲೇ ನಾನು ಮರೆತಿದ್ದೆ. ಗೌಡರ ಮನೆಯ ಗಿರಾಕಿ ಅವಸರ ಮಾಡಿದ್ದ, ಅವಸರ ಮಾಡದವಳ ಯಂತ್ರದಿಂದ ಕಿತ್ತಿದ್ದೆ. ಆ ದಿನದಿಂದ ಮಗ್ಗದ ಮುಂದೆ ಹಾಡು ನಿಂತಿತು.

ಮರುದಿನ ರೋಣಕ್ಕೆ ಹೋದೆ. ಮೂರು ಅಂಗಡಿಯಲ್ಲಿ ರೇಡಿಯೋ ಎಂದರೆ ಹಾಡು ತುಂಬಿದ ಡಬ್ಬಿ ತೋರಿಸಿದರು. ಬಣ್ಣಬಣ್ಣದ ದೀಪ ಹತ್ತುತ್ತಿತ್ತು, ಒಂದೇ ಗುಂಡಿಯನ್ನು ಒಮ್ಮೆ ಒತ್ತಿದರೆ ಒಂದು ಅರ್ಥ, ಒತ್ತಿ ಹಿಡಿದರೆ ಇನ್ನೊಂದು. ನೇಯುವವಳ ಕೈಗಳೆರಡೂ ಕೆಲಸದಲ್ಲಿರುತ್ತವೆ. ಲಾಳಿ ನಿಲ್ಲಿಸದೆ ಮಣಿಕಟ್ಟಿನಿಂದ ತಳ್ಳಿದರೂ ತಿರುಗುವ ಗುಂಡಿ ಬೇಕು. ಕೊನೆಗೆ ಒಂದು ಅಂಗಡಿಯ ಮೇಲಿನ ಹಲಗೆಯಲ್ಲಿ ಧೂಳು ಹಿಡಿದಿದ್ದ, ಎರಡು ದಪ್ಪ ಗುಂಡಿಯ ರೇಡಿಯೋ ಸಿಕ್ಕಿತು. ಚಾಲೂ ಆದರೆ ಮುಂದೆ ಕೆಂಪು ದೀಪ. ಹಿಂದೆ ಸ್ಕ್ರೂ. ಬಹಳ ದಿನಗಳ ಮೇಲೆ ಒಂದು ವಸ್ತುವನ್ನು ಮೆಚ್ಚಿದೆ.

ಮನೆಗೆ ಬಂದು ಮಗ್ಗದ ಪಕ್ಕದ ಹಲಗೆಯ ಮೇಲೆ ಇಟ್ಟು ಗುಂಡಿ ತಿರುಗಿಸಿದೆ. ಹಾಡು ಬಂತು. ಲಾಳಿ ನಿಂತಿತು.

"ಇದ್ಯಾಕ?" ಅಂದಳು. ನನ್ನ ಕಡೆ ತಿರುಗದೆ, ಉಸಿರಿನಷ್ಟೇ ಸಣ್ಣ ದನಿಯಲ್ಲಿ, ತನಗೆ ತಾನೇ.

"ನಿನ್ನ ರೇಡಿಯೋ ಹಾಡೂದು ಬಿಟ್ಟ ಭಾಳ ವರ್ಷ ಆತಲ್ಲ," ಅಂದೆ.

ಅಂದ ಮೇಲೆ ನನಗೆ ತಿಳಿಯಿತು.

ಅವಳು ರೇಡಿಯೋ ನೋಡಲಿಲ್ಲ. ನನ್ನ ಕಿವಿ ನೋಡಿದಳು. ಆಮೇಲೆ ಗೂಡಿನಲ್ಲಿದ್ದ ಡಬ್ಬಿ ನೋಡಿದಳು. ಕುಣಿಯಿಂದ ಎದ್ದು ಹೋಗಿ ಅದನ್ನು ತೆರೆದಳು, ಖಾಲಿಯಿತ್ತು.

"ಯಾವಾಗಿಂದ ಕೇಳಾಕತ್ತೈತ್ರಿ?"

"ಹುಬ್ಬಳ್ಳಿಂದ ಬಂದ ದಿನದಿಂದ."

"ಎಲ್ಲಾ ಕೇಳೀರಿ?"

"ಎಲ್ಲಾ."

ಜಾರಿದ್ದ ಸೆರಗನ್ನು ಎಳೆದು ತಲೆಯ ಮೇಲೆ ಹೊದ್ದಳು. ಮನೆಯಲ್ಲಿ ನಾವಿಬ್ಬರೇ ಇದ್ದಾಗ ಅವಳು ಹಾಗೆ ಮಾಡಿ ಎಷ್ಟೋ ಕಾಲವಾಗಿತ್ತು. ಹೊಸ ಸೊಸೆ ಮಾವನ ಮುಂದೆ ನಿಂತಂತೆ ನಿಂತಳು. ಬೈದರೆ ಬೈಸಿಕೊಳ್ಳೋಣ ಎಂದು ಕಾದೆ. ಬೈಯಲಿಲ್ಲ.

"ನಾ ಇನ್ನ ಯಾರ ಮುಂದ ಮಾತಾಡ್ಲಿ?" ಅಂದಳು. ರೇಡಿಯೋ ಬಂದ್ ಮಾಡಿ ಒಳಗೆ ಹೋದಳು.

ಮಗಳಿಗೆ ನಾನೇ ಫೋನು ಮಾಡಿ ಹೇಳಿದೆ. "ಅಪ್ಪಾ, ನೀವು ರೇಡಿಯೋ ರಿಪೇರಿ ಮಾಡತಿದ್ರೋ, ಸಿಐಡಿ ಕೆಲಸ ಮಾಡತಿದ್ರೋ?" ಅಂದಳು. ಆಮೇಲೆ ಅಂದಳು: "ಅವ್ವ ಮಾತಾಡೂದು ಬಿಟ್ಟಾಳಂದ್ರ ನೀವರ ಮಾತಾಡ್ರಿ. ಸ್ಕ್ರೂ ಬಗ್ಗೆ ಅಲ್ಲ."

ಮಾತಾಡಿದೆ. ಹೆಂಡತಿಯ ಮುಂದೆ ಕೂತು, ನನ್ನ ತಾಯಿಯ ವಿಷಯದಲ್ಲಿ ನನ್ನದು ತಪ್ಪೆಂದೆ, ಸ್ಪೀಕರಿನ ವಿಷಯದಲ್ಲಿ ತಪ್ಪೆಂದೆ, ಕೇಳಿಸಿಕೊಂಡು ಕೂತದ್ದು ಎಲ್ಲಕ್ಕಿಂತ ದೊಡ್ಡ ತಪ್ಪೆಂದೆ. "ಹೌದ್ರಿ," "ಇರಲಿ ಬಿಡ್ರಿ," "ಊಟಕ್ಕ ಏಳ್ರಿ" ಎಂದಳು. ಪ್ರತಿ ಮಾತಿಗೂ ಮರ್ಯಾದೆ. ಪಕ್ಕದವಳು ಬಂದರೆ ಇಬ್ಬರೂ ನೂಲಿನ ಮಾತಷ್ಟೇ ಆಡಿ ಸುಮ್ಮನಾಗುತ್ತಿದ್ದರು. ರೇಡಿಯೋ ಹಚ್ಚುತ್ತಿದ್ದಳು, ದನಿ ಸಣ್ಣಗಿಟ್ಟು.

ಆಗ ಒಂದು ಸಂಗತಿ ನನಗೆ ಹೊಳೆಯಿತು. ಇಷ್ಟು ವರ್ಷ ಯಂತ್ರಗಳನ್ನು ಹಿಡಿದವನ ಕೈಯಿಂದಲೇ ತೂಗುತ್ತಿದ್ದೆ: ಗುಂಡಿ ಸಿಗುತ್ತದೆಯೇ, ಬಿಚ್ಚಲು ಬರುತ್ತದೆಯೇ ಎಂದು. ಎದುರಿಗೆ ಕೂತವರ ಲೆಕ್ಕ ಹಿಡಿದಿರಲಿಲ್ಲ. ಯಂತ್ರ ಚಾಲೂ ಇದೆಯೋ ಬಂದ್ ಇದೆಯೋ ಎಂಬುದು ಅವರಿಗೂ ತಿಳಿಯಬೇಕು. ಅದು ತಿಳಿಯದಂತೆ ಮಾಡಿದ ಯಂತ್ರ ಎಷ್ಟೇ ಜಾಣತನದ್ದಾಗಿರಲಿ, ಅದಕ್ಕೆ ಕಳ್ಳನ ಗುಣ ಬಂದೇ ಬರುತ್ತದೆ. ಇದರಲ್ಲಿ ಕಂಪನಿಯನ್ನು ಬೈದು ನಾನು ಪಾರಾಗಲಾರೆ. ಯಂತ್ರ ಸುಳ್ಳು ಹೇಳಿರಲಿಲ್ಲ, ತಲೆಯಾಡಿಸಿದ್ದು ನಾನು.

ಈಗ ಮುಂಜಾನೆ ಯಂತ್ರ ಹಾಕಿಕೊಳ್ಳುವಾಗ ಅವಳ ಎದುರಿಗೆ ಹಾಕಿಕೊಳ್ಳುತ್ತೇನೆ. ಮಧ್ಯಾಹ್ನ ಪಕ್ಕದವಳು ರಾಟಿ ತಂದಾಗ, ಅದನ್ನು ಕಿವಿಯಿಂದ ತೆಗೆದು ಹೆಂಡತಿಯ ಕೈಗೆಟಕುವಂತೆ ಮಗ್ಗದ ಹಲಗೆಯ ಮೇಲಿಟ್ಟು ಗೋಡೆಗೆ ಒರಗುತ್ತೇನೆ. ಮೊದಲ ದಿನಗಳಲ್ಲಿ ಇಬ್ಬರೂ ಅದನ್ನೇ ನೋಡುತ್ತ ಕೂತರು, ಚೇಳು ನೋಡಿದ ಹಾಗೆ.

ಮೊನ್ನೆ ಹೆಂಡತಿಯ ತುಟಿ ಆಡಿತು. ನನ್ನ ಕಡೆ ಒಮ್ಮೆ ನೋಡಿ ಏನೋ ಅಂದಳು, ಒಂದೆರಡು ಮಾತಲ್ಲ, ಲಾಳಿ ನಿಲ್ಲಿಸಿ ಕೈ ಬೀಸಿ ಹೇಳುವಷ್ಟು. ಪಕ್ಕದವಳು ರಾಟಿ ಬಿಟ್ಟು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನನ್ನ ವಿಷಯವೇ ಇರಬೇಕು. ಸಂಜೆ ಯಂತ್ರ ಹಾಕಿಕೊಂಡ ಮೇಲೆ ಅದೇನೆಂದು ನಾನು ಕೇಳಲಿಲ್ಲ.