ದೋಣಿ ಕೇಳಿ ದೊಡ್ಡಿ ತಂದ ಮೆಂಬರು

ಉಪ್ಪಿಟ್ಟಿಗೆ ಉಪ್ಪು ಕಮ್ಮಿಯಾದರೆ ಪಂಪಣ್ಣ ತಾತ ಎಲ್ಲರ ಹಾಗೆ ‘ಚೂರು ಉಪ್ಪು ಹಾಕು’ ಅನ್ನುತ್ತಿರಲಿಲ್ಲ. ತಟ್ಟೆ ಕೆಳಗಿಟ್ಟು, ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, ಅಡಿಗೆಮನೆಯ ಕಡೆ ತಿರುಗಿ, “ಅಧ್ಯಕ್ಷರೇ, ಈ ಮನಿಯೊಳಗ ಉಪ್ಪಿಗೆ ಬರಗಾಲ ಬಂದೈತೇನು ಅಂತ ಮಾನ್ಯ ಮಂತ್ರಿಗಳು ದಯಮಾಡಿ ತಿಳಿಸುವರೆ?” ಎಂದು ಕೇಳುತ್ತಿದ್ದರು. ಅಧ್ಯಕ್ಷರೂ ಮಂತ್ರಿಗಳೂ ಒಬ್ಬರೇ, ಸೊಸೆ ಸರೋಜಮ್ಮ. ಆಕೆ ಒಲೆಯ ಮುಂದಿನಿಂದಲೇ, “ನಿಮಗ ಬೀಪಿ ಐತಿ. ಪ್ರಶ್ನಿ ತಳ್ಳಿ ಹಾಕೀನಿ, ಕುಂದರ್ರಿ,” ಎನ್ನುತ್ತಿದ್ದಳು. ತಾತ ಕೂತು ಸಪ್ಪನೆಯ ಉಪ್ಪಿಟ್ಟು ತಿಂದು ಮುಗಿಸುತ್ತಿದ್ದರು. ಸಭೆಯ ತೀರ್ಪಿಗೆ ಅವರು ಎದುರಾಡಿದ್ದನ್ನು ನಾನು ಕಂಡಿಲ್ಲ.

ನಾನು ಸಿರುಗುಪ್ಪದ ಹೈಸ್ಕೂಲಿಗೆ ಕನ್ನಡ ಮಾಸ್ತರನಾಗಿ ಬಂದಾಗ ಅವರ ಪಕ್ಕದ ಮನೆಯೇ ಬಾಡಿಗೆಗೆ ಸಿಕ್ಕಿತು. ಮೊದಲ ದಿನ ಸಾಮಾನು ಇಳಿಸುತ್ತಿದ್ದ ನನ್ನನ್ನು ಕಟ್ಟೆಯ ಮೇಲಿಂದ ನೋಡಿ, “ಹೆಸರೇನ್ರಿ?” ಅಂದರು. “ಖಾಜಾ,” ಅಂದೆ. “ನಾನು ಪಂಪಣ್ಣ. ಎಂ.ಎಲ್.ಎ. ಅದೀನಿ,” ಅಂದರು. ಒಳಗಿನಿಂದ ಸರೋಜಮ್ಮ, “ಇದ್ದರು, ಇದ್ದರು,” ಎಂದು ತಿದ್ದಿದಳು.

ಅದು ಸುಳ್ಳಾಗಿರಲಿಲ್ಲ. ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿದ್ದ ಕಾಲ, ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಆಗ ಮೀಸೆ ಚಿಗುರಿ ಬಹಳ ವರ್ಷವಾಗಿರದ ಪಂಪಣ್ಣ ಚುನಾವಣೆಗೆ ನಿಂತು ಗೆದ್ದು ಮದರಾಸಿನ ಶಾಸನಸಭೆಯ ಕೆಳಮನೆಗೆ ಹೋಗಿದ್ದರು. ಯುದ್ಧ ಬಂತು, ಮಂತ್ರಿಮಂಡಲ ಹೋಯಿತು, ಸಭೆ ನಿಂತಿತು. ಆಮೇಲೆ ಅವರು ಮತ್ತೆ ಗೆಲ್ಲಲಿಲ್ಲ. ಅದಕ್ಕೆ ಕಾರಣ ಕೇಳಿದರೆ ತಾತ ಜಗತ್ತಿನ ರಾಜಕೀಯ ಹೇಳುತ್ತಿದ್ದರು. ಊರವರು ಮಾತ್ರ ಒಂದೇ ಮಾತು ಹೇಳುತ್ತಿದ್ದರು: ದೊಡ್ಡಿ.

ಆ ಕಥೆ ಹೀಗಿದೆ. ಕೆಂಚನಗುಡ್ಡದ ಹತ್ತಿರ ತುಂಗಭದ್ರೆ ದಾಟುವುದು ಆಗ ಹರಿಗೋಲಿನಲ್ಲಿ. ಆಚೆ ನಿಜಾಮರ ಸೀಮೆ, ಆದರೆ ಬೀಗರು, ಸಂತೆ ಎಲ್ಲ ಆಚೆಗೇ. ಹೊಳೆ ತುಂಬಿದಾಗ ಹರಿಗೋಲು ಬುಗುರಿಯಂತೆ ತಿರುಗುತ್ತಿತ್ತು. ಒಂದು ಗಟ್ಟಿ ದೋಣಿ ಕೊಡಿಸುತ್ತೇನೆಂದು ಮಾತು ಕೊಟ್ಟೇ ಪಂಪಣ್ಣ ಓಟು ಕೇಳಿದ್ದರು. ಮದರಾಸಿನಲ್ಲಿ ಎದ್ದು ನಿಂತು, ತಮಿಳು, ತೆಲುಗು, ಇಂಗ್ಲಿಷುಗಳ ನಡುವೆ, ಕನ್ನಡದಲ್ಲಿ ದೋಣಿ ಕೇಳಿದರು. ಬರೆದುಕೊಳ್ಳುವವನ ಕಿವಿಗೆ ಅದು ‘ದೊಡ್ಡಿ’ ಎಂದು ಬಿತ್ತು. ಸರ್ಕಾರ ಧಾರಾಳವಾಗಿ ಊರಿಗೊಂದು ಬಂದಿದೊಡ್ಡಿ ಮಂಜೂರು ಮಾಡಿತು. ಬೆಳೆ ಮೇಯ್ದ ದನಗಳನ್ನು ಹಿಡಿದು ಕೂಡಿಹಾಕುವ ಆ ದೊಡ್ಡಿಗೆ ಮೊದಲು ಬಿದ್ದದ್ದು ಅವರಿಗೆ ಓಟು ಹಾಕಿದವರ ಎಮ್ಮೆಗಳೇ. ಅಂದಿನಿಂದ ಅವರು ‘ದೊಡ್ಡಿ ಮೆಂಬರು’.

ಈ ಹೆಸರು ಕೇಳಿದರೆ ತಾತ ಸಿಟ್ಟಾಗುತ್ತಿರಲಿಲ್ಲ. “ದೊಡ್ಡಿನರ ತಂದೆ. ಈಗಿನವರು ಏನು ತಂದಾರ?” ಎಂದು ನಗುತ್ತಿದ್ದರು. ತೊಂಬತ್ತು ದಾಟಿದ ಮೇಲೂ ಅವರಿಗೊಂದು ಆಸೆ ಉಳಿದಿತ್ತು: ವೇದಿಕೆ. ಸಾಲೆಯ ವಾರ್ಷಿಕೋತ್ಸವವಾಗಲಿ, ಅಕ್ಕಿ ಗಿರಣಿಯ ಪೂಜೆಯಾಗಲಿ, ಇಸ್ತ್ರಿ ಮಾಡಿದ ಉದ್ದ ಕೋಟು ತೊಟ್ಟು ಮೊದಲ ಸಾಲಿನಲ್ಲಿ ಕೂತಿರುತ್ತಿದ್ದರು. ಯಾರೂ ಮೇಲಕ್ಕೆ ಕರೆಯುತ್ತಿರಲಿಲ್ಲ. ಮನೆಗೆ ಬಂದು ಕೋಟು ಬಿಚ್ಚಿ, “ಸಮಯದ ಅಭಾವ, ಮಾಸ್ತರ,” ಎನ್ನುತ್ತಿದ್ದರು.

ಆ ಹೊತ್ತಿಗೆ ಬಳ್ಳಾರಿಗೆ ಗಣಿಯ ಸುಗ್ಗಿ ಬಂತು. ಕಬ್ಬಿಣದ ಅದಿರಿನ ಕೆಂಪು ಮಣ್ಣು ಹೊತ್ತ ಲಾರಿಗಳು ಹಗಲು ರಾತ್ರಿ ಓಡಿದವು. ನಿನ್ನೆ ಸೈಕಲ್ ತುಳಿಯುತ್ತಿದ್ದವರು ಕಾರಿನ ಗಾಜು ಇಳಿಸದೆ ಮಾತಾಡತೊಡಗಿದರು. ಅಂಥ ಧಣಿಯೊಬ್ಬರಿಗೆ ಚುನಾವಣೆಯ ಮನಸ್ಸಾಗಿತ್ತು. ಹಳೆಯ ಕಾಲದ ಶಾಸಕರೊಬ್ಬರು ಜೀವಂತ ಇದ್ದಾರೆಂದು ಯಾರೋ ಅವರಿಗೆ ಹೇಳಿದರು. ಬಳ್ಳಾರಿಯಲ್ಲಿ ದೊಡ್ಡ ಸಭೆ, ತಾತನಿಗೆ ಸನ್ಮಾನ, ಕರೆದೊಯ್ಯಲು ಹೆಲಿಕಾಪ್ಟರು ಎಂದು ಧಣಿಯ ಕಡೆಯವರು ಬಂದು ಹೇಳಿ ಹೋದರು.

ತಾತ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ. ಟೇಲರನ ಹತ್ತಿರ ಕೋಟು ಬಿಗಿ ಮಾಡಿಸಿದರು. ಸರೋಜಮ್ಮನನ್ನು, “ಅಧ್ಯಕ್ಷರೇ, ಆಕಾಶದಾಗ ಎಲಿ ಅಡಿಕಿ ಹಾಕ್ಕೊಂಡ್ರ ಎಲ್ಲಿ ಉಗುಳಬೇಕು?” ಎಂದು ಗಂಭೀರವಾಗಿ ಕೇಳಿದರು.

ಸಭೆಯ ಹಿಂದಿನ ದಿನ ಕುರುಗೋಡಿನಿಂದ ಹೊನ್ನೂರಮ್ಮ ಎಂಬ ಹೆಂಗಸು ನಾಲ್ಕಾರು ಜನರೊಂದಿಗೆ ಬಂದಳು. ಅವರ ಕಣದ ಪಕ್ಕದಲ್ಲೇ ಧಣಿ ಅದಿರು ಸುರಿಸುತ್ತಿದ್ದರು. ಒಣಹಾಕಿದ ಮೆಣಸಿನಕಾಯಿಯ ಮೇಲೆ ಧೂಳು ಕೂರುತ್ತಿತ್ತು.

“ಧಣಿ ಜೋಡಿ ಕುರ್ಚಿ ಹಾಕ್ಕೊಂಡು ಕುಂದರತೀರಂತ. ಒಂದು ಮಾತು ಹೇಳ್ರಿ ತಾತ,” ಅಂದಳು.

“ಸನ್ಮಾನದಾಗ ಹಂಗೆಲ್ಲ ಕೇಳಾಕ ಬರಂಗಿಲ್ಲವ್ವ. ಸಭಾ ಮರ್ಯಾದಿ ಅಂತ ಐತಿ. ಪರಿಶೀಲಿಸೋಣ.”

ಹೊನ್ನೂರಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಮೆಣಸಿನಕಾಯಿ ಅವರ ಕೈಯಲ್ಲಿಟ್ಟಳು. “ಕೆಂಪು ಮ್ಯಾಲ ಕೆಂಪು ಬಿದ್ರ ಕಣ್ಣಿಗೆ ಕಾಣಂಗಿಲ್ರಿ. ಕಡೀರಿ.”

ತಾತ ಕಡಿದರು. ಕಟ್ಟಿಸಿದ ಹಲ್ಲಿನ ನಡುವೆ ಕರಕರ ಎಂದದ್ದು ನನಗೂ ಕೇಳಿತು. ಅವರು ಹಲ್ಲಿನ ಸೆಟ್ಟು ತೆಗೆದು ತೊಳೆಯಲು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವರು ಕಾದು ಎದ್ದು ಹೋದರು.

ಮರುದಿನ ತಾತನ ಜೊತೆಗೆ ನಾನೂ ಹೆಲಿಕಾಪ್ಟರು ಹತ್ತಿದೆ. ಬಿದ್ದರೆ ಹಿಡಿಯಲು ಒಬ್ಬರು ಬೇಕೆಂದು ಸರೋಜಮ್ಮನ ಆಜ್ಞೆ. ಕೆಳಗೆ ಕಾಲುವೆ, ಹಸಿರು ಭತ್ತದ ಗದ್ದೆ ಸರಿಯುವಾಗ ತಾತ ಮಗುವಿನ ಹಾಗೆ ಗಾಜಿಗೆ ಮೂಗು ಒತ್ತಿದ್ದರು. ಧಣಿಯ ವೈಭವ ತೋರಿಸಲೆಂದು ಪೈಲಟ್ ಕುರುಗೋಡಿನ ಮೇಲೆ ಬಳಸಿಕೊಂಡು ಹೋದ. ಗುಡ್ಡದ ಕೆಳಗೆ ಕೆಂಪು ರಾಶಿಗಳು ಕಂಡವು.

ತಾತ ನನ್ನ ಕಿವಿಯ ಹತ್ತಿರ ಕೂಗಿದರು: “ಮಾಸ್ತರ, ಅದರಾಗ ಮೆಣಸಿನಕಾಯಿ ಯಾವುದು, ಅದಿರು ಯಾವುದು?”

ನಾನು ನೋಡಿದೆ. ನನಗೂ ತಿಳಿಯಲಿಲ್ಲ. ಆಮೇಲೆ ಅವರು ಕಿಟಕಿಯ ಕಡೆ ತಿರುಗಲಿಲ್ಲ.

ಬಳ್ಳಾರಿಯ ವೇದಿಕೆಯಲ್ಲಿ ಅವರಿಗೆ ಪೇಟ ಕಟ್ಟಿ, ಶಾಲು ಹೊದಿಸಿ, ಬೆಳ್ಳಿಯ ಗದೆ ಕೊಟ್ಟರು. ಗದೆಯ ಭಾರಕ್ಕೆ ತಾತ ಒಂದು ಕಡೆ ವಾಲಿದರು. ಮೈಕಿನ ಮುಂದೆ ನಿಂತು, ಕೋಟಿನ ಗುಂಡಿ ಮುಟ್ಟಿ ನೋಡಿಕೊಂಡರು.

“ಅಧ್ಯಕ್ಷರೇ, ನನಗ ಸನ್ಮಾನ ಮಾಡೀರಿ. ಬಾಳ ಸಂತೋಷ ಆತು. ನನಗ ಇಂಥವು ಬೇಕು, ಸುಳ್ಳು ಯಾಕ ಹೇಳಲಿ?”

ಜನ ಹೋ ಎಂದು ನಕ್ಕರು. ಧಣಿಯೂ ನಕ್ಕರು.

“ಈಗ ಒಂದು ಪ್ರಶ್ನಿ ಐತಿ. ಕುರುಗೋಡಿನ ಕಣದಾಗ ಬಡವರು ಮೆಣಸಿನಕಾಯಿ ಒಣಾ ಹಾಕ್ಯಾರ. ಬಾಜೂಕ ನಿಮ್ಮ ಅದಿರಿನ ರಾಶಿ ಐತಿ. ಆ ರಾಶಿ ಅಲ್ಲಿಂದ ಎಂದು ಏಳತೈತಿ ಅಂತ ಮಾನ್ಯ ಧಣಿಗಳು ದಯಮಾಡಿ ತಿಳಿಸುವರೆ?”

ನಗು ನಿಂತಿತು. ಯಾರೋ ಮೈಕು ಬಂದ್ ಮಾಡಿದರು. ತಾತ ಅದನ್ನು ಬೆರಳಿಂದ ತಟ್ಟಿ ನೋಡಿ, ಪಕ್ಕಕ್ಕೆ ಸರಿಸಿ, ಇದ್ದ ದನಿಯೆಲ್ಲ ತೆಗೆದು ಕೂಗಿದರು: “ಉತ್ತರ ಬರೋತನಕ ನಾ ಕುಂದರಂಗಿಲ್ಲ!”

ಹಿಂದಿನ ಸಾಲುಗಳಲ್ಲಿ ಶಿಳ್ಳೆ ಬಿದ್ದವು. ತಾತ ಗದೆಯನ್ನೇ ಊರಿಕೊಂಡು ನಿಂತಿದ್ದರು. ಧಣಿ ಜಾಣರು. ಎದ್ದು ಬಂದು ತಾತನ ಕಾಲು ಮುಟ್ಟಿ, ಮೈಕು ಹಾಕಿಸಿ, “ತಾತಾರು ಹೇಳಿದಂಗ ಆಗಲಿ. ಈ ತಿಂಗಳೊಳಗ ಅಲ್ಲಿಂದ ಎತ್ತಸ್ತೀನಿ,” ಅಂದರು. ಚಪ್ಪಾಳೆ ಬಿತ್ತು. ಆಮೇಲೆಯೇ ತಾತ ಕೂತದ್ದು.

ವಾಪಸು ಬರುವಾಗ ಮಾತ್ರ ಹೆಲಿಕಾಪ್ಟರಿನಲ್ಲಿ ಏನೋ ಕೆಟ್ಟಿದೆ ಎಂದರು. ಪೇಟ ಸಮೇತ ಸಿರುಗುಪ್ಪದ ಬಸ್ಸು ಹತ್ತಿದೆವು. ಗದೆಗೆ ಲಗೇಜು ಹಾಕಬೇಕೋ ಬೇಡವೋ ಎಂದು ಕಂಡಕ್ಟರು ತಲೆ ಕೆರೆದುಕೊಂಡ. ತಾತ ನಗುತ್ತಾರೆ ಅಂದುಕೊಂಡೆ. ನಗಲಿಲ್ಲ.

“ಮಾಸ್ತರ,” ಅಂದರು, “ಮದರಾಸಿನಾಗ ಆ ಬರಕೊಳ್ಳಾವ ದೊಡ್ಡಿ ಅಂತ ಓದಿದಾಗ ನನಗ ಅಲ್ಲೇ ತಿಳಿದಿತ್ತು. ಎದ್ದು, ‘ಹಂಗಲ್ಲ’ ಅನ್ನಬೇಕಿತ್ತು. ಇಂಗ್ಲೀಷು ಸರಿ ಬರತಿರಲಿಲ್ಲ. ದೊಡ್ಡ ದೊಡ್ಡ ಮಂದಿ ನಗತಾರಂತ ಕುಂತುಬಿಟ್ಟೆ. ಆ ಮಳಿಗಾಲ ಹರಿಗೋಲು ಮುಗುಚಿ ಮಂದಿ ಹೋದ್ರು. ಅದಕ್ಕ ಯಾರೂ ನನಗ ಹೆಸರಿಡಲಿಲ್ಲ. ದೊಡ್ಡಿ ಅಂತ ನಕ್ಕು ಬಿಟ್ಟುಬಿಟ್ಟರು.”

ಅವರ ತೊಡೆಯ ಮೇಲಿಂದ ಜಾರುತ್ತಿದ್ದ ಗದೆಯನ್ನು ತೆಗೆದು ನಾನು ಹಿಡಿದುಕೊಂಡೆ.

ಧಣಿ ಮಾತಿಗೆ ತಪ್ಪಲಿಲ್ಲ. ಕುರುಗೋಡಿನ ಕಣದ ಪಕ್ಕದಿಂದ ರಾಶಿ ಎದ್ದಿತು. ಎದ್ದು, ಆಚೆಗಿನ ಒಂದು ಹಳ್ಳಿಯ ಸಾಲೆಯ ಹಿಂದೆ ಹೋಗಿ ಕೂತಿತು. ಆ ಹಳ್ಳಿಯವರು ಸಿಟ್ಟಿನಿಂದ ತಾತನ ಮನೆಗೆ ಬಂದರು. “ನಿಮ್ಮಿಂದ ಧೂಳೆಲ್ಲ ನಮ್ಮ ಹುಡುಗರ ಬಾಯಿಗೆ ಬಂತಲ್ರಿ!” ಅಂದರು. ತಾತ ಬೈಸಿಕೊಂಡು, ಅವರಿಗೆ ಮಜ್ಜಿಗೆ ಕೊಡಿಸಿ, ಅವರು ಹೋದ ಮೇಲೆ ನನ್ನ ಕಡೆ ಕಣ್ಣು ಮಿಟುಕಿಸಿದರು: “ನೋಡ್ರಿ, ನನ್ನ ಕ್ಷೇತ್ರ ದೊಡ್ಡದಾಗಾಕ ಹತ್ತೈತಿ.” ಬಳ್ಳಾರಿಗೆ ಮತ್ತೆ ಹೋಗುವುದೆಂದು ತೀರ್ಮಾನಿಸಿ ಕೋಟು ಇಸ್ತ್ರಿಗೆ ಕೊಟ್ಟರು. ಅದು ಇಸ್ತ್ರಿಯಾಗಿ ಬರುವುದರೊಳಗೆ ಜ್ವರ ಬಂತು. ಜ್ವರ ಬಿಡಲಿಲ್ಲ.

ಅವರು ತೀರಿಕೊಂಡ ದಿನ ನಾನು ಅಲ್ಲಿ ಇಲ್ಲಿ ಫೋನು ಮಾಡಿದೆ. ಮಾಜಿ ಶಾಸಕರಿಗೆ ಸದನದಲ್ಲಿ ಸಂತಾಪ ಸೂಚಿಸುತ್ತಾರಲ್ಲ, ಅದು ತಾತನಿಗೂ ಆಗಲಿ ಎಂಬ ಆಸೆ. ಬೆಂಗಳೂರಿನವರು, ‘ಅವರು ನಮ್ಮ ಸದನದವರಲ್ಲ’ ಅಂದರು. ಚೆನ್ನೈಯವರು, ‘ಬಳ್ಳಾರಿ ನಮ್ಮ ರಾಜ್ಯದಲ್ಲಿಲ್ಲ’ ಅಂದರು. ಇಬ್ಬರು ಹೇಳಿದ್ದೂ ಸರಿಯೇ ಇತ್ತು.

ಮಣ್ಣು ಕೊಡಲು ಕುರುಗೋಡಿನಿಂದ ಹೊನ್ನೂರಮ್ಮ ಬಂದಿದ್ದಳು. ಬೈದು ಹೋಗಿದ್ದ ಹಳ್ಳಿಯವರೂ ಬಂದಿದ್ದರು. ಎಲ್ಲ ಮುಗಿದ ಮೇಲೆ ಅವರನ್ನು ಬಸ್ ಸ್ಟ್ಯಾಂಡಿನವರೆಗೆ ಬಿಡಲು ಹೋದೆ. ಎಲ್ಲರೂ ಒಂದೇ ಬಸ್ಸಿಗೆ ಕಾಯುತ್ತಿದ್ದರು.

“ಊರಿಗೇನ್ರಿ?” ಅಂದೆ.

“ಊರಿಗೆ ಆಮ್ಯಾಲ,” ಅಂದಳು ಹೊನ್ನೂರಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾ. “ಮೊದಲು ಬಳ್ಳಾರಿಗೆ, ಧಣಿ ಮನಿಗೆ. ಸಾಲಿ ಹಿಂದಿನ ರಾಶಿ ಎಂದು ಏಳತೈತಿ ಅಂತ ಕೇಳೋದು ಐತಲ್ಲ. ನೀವೂ ಬರ್ರಿ, ಮಾಸ್ತರ.”

ನಾನು ಬಸ್ಸು ಹತ್ತಿದೆ.